ಹಳೇ ಚಾವಡಿ: ಸೋಮವಾರದ ಅರ್ಜಿಗೆ ಮುಂಚೆ

(ಪುಣೆಯ ನೆರೆಹೊರೆಯವರ ಮಾತುಕತೆ; ಹೆಸರಿನ ಬದಲು ಮನೆ ನಂಬರು)

ಎ-203: ಗಾವಠಾಣದ (ಹಳೇ ಊರಿನ ಮನೆಗಳಿರೂ ಜಾಗ) ಚಾವಡಿಗೆ ಪಾಲಿಕೆಯವರು 'ಧೋಕಾದಾಯಕ' (ಅಪಾಯಕಾರಿ) ಅಂತ ನೋಟಿಸು ಅಂಟಿಸ್ಯಾರ್ರೀ, ಪಾಲಿಕೆ ಕಾಯ್ದೆಯ 264ನೇ ಕಲಮು. ಕೆಡವಬ್ಯಾಡ್ರಿ ಅಂತ ಸೋಮವಾರ ಕೊಡೂ ಅರ್ಜಿಯೊಳಗ '1865ರ ಕಟ್ಟಡ' ಅಂತ ಬರೀಲೇನು? ಹಂಚಿನ ಮ್ಯಾಲೆ ಅದ ವರ್ಷ ಐತಿ.

ಸಿ-501: ಬೇಡ್ರಿ, ಮೊದಲನೇ ಸಾಲಿಗೇ ಅರ್ಜಿ ಬಿದ್ದುಹೋಗುತ್ತೆ. 1865 ಅಂದ್ರೆ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಆ ಕಾರ್ಖಾನೆ ವಹಿಸಿಕೊಂಡ 'ಕಾಮನ್‌ವೆಲ್ತ್ ಟ್ರಸ್ಟ್' ಕಂಪನಿಯ ಮುದ್ರೆ ಇದ್ದರೆ ಆ ಹಂಚು ಮೊದಲ ಮಹಾಯುದ್ಧದ ನಂತರದ್ದು. 1865 ಕಾರ್ಖಾನೆಯ ವಯಸ್ಸು ಹೇಳುತ್ತೆ, ಮುದ್ರೆ ಹಂಚಿನದ್ದು; ಗೋಡೆಯ ವಯಸ್ಸನ್ನು ಎರಡೂ ಹೇಳಲ್ಲ.

ಎ-203: ಹಂಗಾದ್ರ ವರ್ಷ ಎಲ್ಲಿಂದ ತರೂದು?

ಬಿ-104: ಮೊದಲು ಕಟ್ಟಡ ಯಾರದ್ದು ನೋಡೋಣ. ಚಾವಡಿ ಅಂದ್ರೆ ಪಾಟೀಲ-ಕುಲಕರ್ಣಿಗಳು ಕಂದಾಯ ವಸೂಲಿಗೆ ಕೂರುತ್ತಿದ್ದ ಜಾಗ. ಪಂಚಾಯತಿ ಕಚೇರಿಯ ಕಥೆ ಬೇರೆ, ಅದು 1920ರ ಕಾಯ್ದೆಯಿಂದ ಈಚಿನದು. 2021ರಲ್ಲಿ 23 ಹಳ್ಳಿ ಪುಣೆ ಪಾಲಿಕೆಗೆ ಸೇರಿದಾಗ ಪಂಚಾಯತಿ ಆಸ್ತಿ ಪಾಲಿಕೆಗೆ ಬಂತು. ಚಾವಡಿ ಇನ್ನೂ ಕಂದಾಯ ಇಲಾಖೆಯದ್ದೇ ಇರಬಹುದು. ಸಾತಬಾರಾದಲ್ಲಿ (7/12, ಅಂದ್ರೆ ಹೊಲದ ಪಹಣಿ) ಹುಡುಕಿ ಸುಸ್ತಾಗಬೇಡಿ, ಗಾವಠಾಣದ ಮನೆಗಳು ಅದರಲ್ಲಿ ಬಿಡಿಬಿಡಿಯಾಗಿ ಸಿಗಲ್ಲ. ಪಂಚಾಯತಿಯ 'ನಮುನಾ 8' (ಮನೆ ತೆರಿಗೆ ಪುಸ್ತಕ) ಮತ್ತು ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಬೇಕು. ಹಳೇ ಕಾಗದ ಮೋಡಿ ಲಿಪಿಯಲ್ಲಿದ್ದರೆ (ಮರಾಠಿಯ ಹಳೇ ಕೂಡು ಬರಹ) ಓದುವವರನ್ನು ಹಿಡಿಯಬೇಕು.

ಡಿ-302: ಮಾಹಿತಿ ಹಕ್ಕಿನ ಅರ್ಜಿ ಎರಡು ಹಾಕಿ: ತಹಸೀಲಿಗೊಂದು, ಪಾಲಿಕೆಯ ವಾರ್ಡ್ ಕಚೇರಿಗೊಂದು. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 10 ರೂಪಾಯಿ ಕೋರ್ಟ್ ಫೀ ಸ್ಟ್ಯಾಂಪ್. ಉತ್ತರಕ್ಕೆ 30 ದಿನ, ಅಷ್ಟರವರೆಗೆ ನೋಟಿಸು ಕಾಯಲ್ಲ. ಅದಕ್ಕೇ ಸೋಮವಾರದ ಅರ್ಜಿಯಲ್ಲಿ ವರ್ಷವೇ ಬೇಡ. 264ರಲ್ಲಿ ಕೆಡವೋದಷ್ಟೇ ಅಲ್ಲ, ದುರಸ್ತಿಗೂ ಅವಕಾಶ ಇದೆ, ಅದನ್ನೇ ಕೇಳಿ.

ಎ-203: ಬಿರುಕು ಬಿಟ್ಟೈತಲ್ಲ ಅಂತಾರ.

ಸಿ-501: ಬಿರುಕಿಗಿಂತ ಮೊದಲು ಗೋಡೆ ಬುಡದ ಸಿಮೆಂಟ್ ಗಿಲಾವು ನೋಡಿ. ಕರಿಕಲ್ಲು, ಸುಣ್ಣದ ಗಾರೆ ಗೋಡೆ ಉಸಿರಾಡಬೇಕು. ಸಿಮೆಂಟ್ ಮೆತ್ತಿದರೆ ತೇವ ಒಳಗೇ ನಿಂತು ಗಾರೆ ಪುಡಿಯಾಗುತ್ತೆ, ಸಾಗವಾನಿ ಕಂಬದ ಬುಡ ಕೊಳೆಯುತ್ತೆ. ರಸ್ತೆ ಎತ್ತರಿಸಿ ಎತ್ತರಿಸಿ ಕಟ್ಟೆ ಮುಚ್ಚಿದ್ದು ಇನ್ನೊಂದು ಕೇಡು. ಬಿರುಕಿನ ಹತ್ತಿರ ಗಿಲಾವು ಕೆರೆದು, ಕಲ್ಲಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಗೋಡೆ ಸರೀತಿದೆ ಅಂತ. ಆಗ ಗೋಡೆಗೆ ಆಸರೆ ಕೊಡಲೇಬೇಕು, ವಾದ ಬೇಡ. ಗಾಜು ಒಡೆಯದಿದ್ದರೆ ಮಳೆ ಮುಗಿದ ಮೇಲೆ 1:3 ಸುಣ್ಣ-ಮರಳಿನ ಗಾರೆ ತುಂಬಿ ವಾರವಿಡೀ ತೇವ ಇಟ್ಟರಾಯಿತು.

ಬಿ-104: ಗಾಜಿನ ಪಟ್ಟಿಗೂ ವಾರ್ಡ್ ಇಂಜಿನಿಯರ್ ಒಪ್ಪಿಗೆ ಬರಹದಲ್ಲೇ ತಗೊಳ್ಳಿ.

ಎ-203: ಸೋಮವಾರ 11ಕ್ಕ ಗೇಟಿನ ಹತ್ರ ಸೇರೂಣ್ರಿ. ನೋಟಿಸಿನ ಫೋಟೋ ನಾ ತರ್ತೀನಿ.