ಅರ್ಧ ಚಾರ್ಜ್ ಖರ್ಚಾದ ಮೇಲೆ ಏರಿನಲ್ಲಿ ಆರಿಹೋಗುವ ಎಲೆಕ್ಟ್ರಿಕ್ ಸೈಕಲ್: ರಿಪೇರಿ ಮಾಡಲೋ, ರೆಡಿ ಬೈಕ್ ತಗೊಳ್ಳಲೋ?

ಗುಡ್ಡದಾರಿ:
ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ನನ್ನ ಹಳೇ ಅಲ್ಯೂಮಿನಿಯಂ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ) ಸೈಕಲ್‌ಗೆ 1000 ವಾಟ್‌ನ ಡೈರೆಕ್ಟ್ ಡ್ರೈವ್ ಹಬ್ ಮೋಟರ್ (ಚಕ್ರದ ನಡುವೆಯೇ ಕೂರುವ ಮೋಟರ್) ಹಾಕಿದೆ, ಹಿಂದಿನ 26 ಇಂಚಿನ ಚಕ್ರಕ್ಕೆ. ಬ್ಯಾಟರಿ ನಾನೇ ಕಟ್ಟಿದ್ದು. 13ಎಸ್4ಪಿ, ಅಂದರೆ ನಾಲ್ಕು ನಾಲ್ಕು ಸೆಲ್ ಸಮಾಂತರವಾಗಿ ಕೂಡಿಸಿದ 13 ಗುಂಪುಗಳ ಸರಣಿ, ಒಟ್ಟು 52 ಸೆಲ್, ಎಲ್ಲ 18650 ಅಳತೆಯ ದುಂಡು ಸೆಲ್, ಒಂದೊಂದೂ 2.6 ಆಂಪ್-ಅವರ್. ಮೋಟರ್‌ಗೆ ಕರೆಂಟ್ ಹದ ಮಾಡಿ ಕೊಡುವ ಕಂಟ್ರೋಲರ್ 26 ಆಂಪ್‌ನದ್ದು.

ಸಮಸ್ಯೆ ಇಷ್ಟು. ಫುಲ್ ಚಾರ್ಜ್ ಇದ್ದಾಗ ಯಾವ ಏರಾದರೂ ಹತ್ತುತ್ತೆ. ಸುಮಾರು ಅರ್ಧ ಖರ್ಚಾದ ಮೇಲೆ ಕಡಿದಾದ ಏರಿನಲ್ಲಿ ಥ್ರಾಟಲ್ ಪೂರ್ತಿ ಕೊಟ್ಟರೆ ಒಂದೇ ಏಟಿಗೆ ಸತ್ತುಹೋಗುತ್ತೆ. ಸಮತಟ್ಟಿನಲ್ಲಿ ಏನೂ ತೊಂದರೆ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಬ್ಯಾಟರಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಜೀವ ಬರುತ್ತೆ. ಕಂಟ್ರೋಲರ್ ಬದಲಾಯಿಸಿ ನೋಡಿದೆ, ಅದೇ ಕಥೆ.

ಜೊತೆಗೆ ಓಡಿಸುವವರೆಲ್ಲ "ಮನೇಲಿ ಕಟ್ಟಿದ್ದು ಇಷ್ಟೇ, ಮಾರಿ ಕಂಪನಿಯ ರೆಡಿ ಇ-ಬೈಕ್ ತಗೋ" ಅಂತಿದ್ದಾರೆ. ನಿಜಕ್ಕೂ ಹಾಗೇನಾ?

ತಾಮ್ರತಂತಿ:
ರೆಡಿ ಬೈಕ್ ವಿಚಾರ ಆಮೇಲೆ ಮಾತಾಡೋಣ. ಮೊದಲು ಒಂದು ಪ್ರಶ್ನೆ: ಸಾಯುವಾಗ ಡಿಸ್‌ಪ್ಲೇ ಕೂಡ ಆರುತ್ತಾ, ಇಲ್ಲಾ ಡಿಸ್‌ಪ್ಲೇ ಉರೀತಾ ಇದ್ದು ಮೋಟರ್ ಮಾತ್ರ ನಿಲ್ಲುತ್ತಾ?

ಇದರ ಮೇಲೆ ಎಲ್ಲ ನಿಂತಿದೆ. ಡಿಸ್‌ಪ್ಲೇ ಉರೀತಿದ್ದರೆ ಬ್ಯಾಟರಿ ಕರೆಂಟ್ ಕೊಡ್ತಾನೇ ಇದೆ ಅಂತ ಅರ್ಥ. ಆಗ ಬ್ರೇಕ್ ಲಿವರ್‌ನ ಕಟ್-ಆಫ್ ಸ್ವಿಚ್, ಮೋಟರ್ ಒಳಗಿನ ಹಾಲ್ ಸೆನ್ಸರ್ (ತಿರುಗುವಿಕೆ ಗುರುತಿಸುವ ಸೆನ್ಸರ್) ತಂತಿ, ಕಂಟ್ರೋಲರ್ ಬಿಸಿ, ಕಂಟ್ರೋಲರ್‌ನ ಲೋ-ವೋಲ್ಟೇಜ್ ಮಿತಿ ಇವುಗಳಲ್ಲಿ ಹುಡುಕಬೇಕು. ಡಿಸ್‌ಪ್ಲೇಯೂ ಆರಿದರೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇಡೀ ಬ್ಯಾಟರಿಯನ್ನೇ ಕತ್ತರಿಸಿದೆ, ಇಲ್ಲವೇ ಮುಖ್ಯ ಕನೆಕ್ಟರ್ ಸಡಿಲ ಇದೆ.

ಗುಡ್ಡದಾರಿ:
ಡಿಸ್‌ಪ್ಲೇಯೂ ಆರುತ್ತೆ. ಕನೆಕ್ಟರ್ ಎಕ್ಸ್‌ಟಿ60, ಬಿಚ್ಚಿ ನೋಡಿದೆ, ಪಿನ್ ಹೊಳೀತಿವೆ, ಪ್ಲಾಸ್ಟಿಕ್ ಕಂದಿಲ್ಲ. ಹ್ಯಾಂಡಲ್‌ಗೆ ವೋಲ್ಟ್‌ಮೀಟರ್ ಕಟ್ಟಿಕೊಂಡು ಏರು ಹತ್ತಿದೆ. ನಿಂತಾಗ 49.6 ಇತ್ತು. ಪೂರ್ತಿ ಥ್ರಾಟಲ್ ಕೊಟ್ಟಾಗ 46, 44, 43 ತನಕ ಇಳಿದು ಸಂಖ್ಯೆಯೇ ಮಾಯವಾಯ್ತು.

ತಾಮ್ರತಂತಿ:
ಚೆನ್ನಾಗಿ ಅಳೆದಿದ್ದೀರಿ. ಆ 43 ಅನ್ನೋ ಸಂಖ್ಯೆಯಲ್ಲೇ ಉತ್ತರ ಇದೆ.

43ನ್ನು 13ರಿಂದ ಭಾಗಿಸಿದರೆ ಗುಂಪಿಗೆ ಸರಾಸರಿ 3.3 ವೋಲ್ಟ್. ಬಿಎಂಎಸ್ ಸಾಮಾನ್ಯವಾಗಿ 2.8ರ ಆಸುಪಾಸಿಗೆ ಬಂದಾಗ ಕತ್ತರಿಸೋದು. ಸರಾಸರಿ ನೋಡಿದರೆ ಇನ್ನೂ ಬೇಕಾದಷ್ಟು ದೂರ ಇದೆ. ಆದರೆ ಬಿಎಂಎಸ್ ಸರಾಸರಿ ನೋಡಲ್ಲ, ಒಂದೊಂದು ಗುಂಪನ್ನೂ ಬೇರೆ ಬೇರೆ ನೋಡುತ್ತೆ. 12 ಗುಂಪು 3.35ರಲ್ಲಿದ್ದರೆ 40.2 ಆಯ್ತು, 13ನೆಯದು ಒಂದೇ 2.8ಕ್ಕೆ ಕುಸಿದರೂ ಒಟ್ಟು 43 ತೋರಿಸುತ್ತೆ. ನಿಮ್ಮ ಪ್ಯಾಕ್‌ನಲ್ಲಿ ಒಂದು ಗುಂಪು ಸೋತಿದೆ ಅಂತ ನನಗೆ ಬಲವಾದ ಅನುಮಾನ.

ಬಿಎಂಎಸ್‌ಗೆ ಹೋಗುವ ಬ್ಯಾಲೆನ್ಸ್ ಪ್ಲಗ್‌ನಲ್ಲಿ 14 ತಂತಿ ಇರುತ್ತೆ. ಅಕ್ಕಪಕ್ಕದ ಎರಡೆರಡು ಪಿನ್ ಮಧ್ಯೆ ಅಳೆಯುತ್ತಾ ಹೋಗಿ, 13 ಸಂಖ್ಯೆ ಸಿಗುತ್ತೆ. ಮೀಟರ್‌ನ ಮೊನೆ ಜಾರಿ ಎರಡು ಪಿನ್‌ಗೆ ಒಟ್ಟಿಗೆ ತಾಗಿದರೆ ಅಲ್ಲೇ ಶಾರ್ಟ್ ಆಗಿ ಕಿಡಿ ಹಾರುತ್ತೆ. ಅದಕ್ಕೇ ಮೊನೆಗೆ ತುದಿ ಎರಡು ಮಿಲಿಮೀಟರ್ ಬಿಟ್ಟು ಉಳಿದದ್ದಕ್ಕೆ ಟೇಪ್ ಸುತ್ತಿ. ಅಳತೆ ಎರಡು ಸಲ ಬೇಕು: ಈಗ ಅರ್ಧ ಖಾಲಿ ಇರುವಾಗ ಒಮ್ಮೆ, ಪೂರ್ತಿ ಚಾರ್ಜ್ ಆದ ಮೇಲೆ ಒಮ್ಮೆ.

ಗುಡ್ಡದಾರಿ:
ಅರ್ಧ ಖಾಲಿ ಇದ್ದಾಗ 12 ಗುಂಪುಗಳೂ 3.84. ಒಂಬತ್ತನೆಯದು ಮಾತ್ರ 3.56. ಪೂರ್ತಿ ಚಾರ್ಜ್ ಮಾಡಿ ಅಳೆದರೆ ಎಲ್ಲ 4.17, ಒಂಬತ್ತನೆಯದೂ 4.17! ಚಾರ್ಜ್ ಮಾಡಿದ ಮೇಲೆ ಸರಿಹೋಯ್ತು ಅಂತ ತಿಳ್ಕೊಳ್ಳಲಾ?

ತಾಮ್ರತಂತಿ:
ದಯವಿಟ್ಟು ಹಾಗೆ ತಿಳ್ಕೋಬೇಡಿ. ಎಷ್ಟೋ ಜನ ಇಲ್ಲೇ ಮೋಸ ಹೋಗ್ತಾರೆ.

ಒಂದು ಗುಂಪು ಫುಲ್ ಚಾರ್ಜ್‌ನಲ್ಲೂ ಹಿಂದೆ ಉಳಿದಿದ್ದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸ್ ತಪ್ಪಿರೋದು. ಚಾರ್ಜರ್ ಕೊನೆ ಮುಟ್ಟಿದ ಮೇಲೂ ಕಣ್ಣೆದುರೇ ಇಟ್ಟುಕೊಂಡು ಇನ್ನಷ್ಟು ಗಂಟೆ ಬಿಟ್ಟರೆ, ಬಿಎಂಎಸ್ ಮುಂದಿರುವ ಗುಂಪುಗಳಿಂದ ಚೂರು ಚೂರೇ ಕರೆಂಟ್ ಸೋರಿಸಿ ಸಮ ಮಾಡುತ್ತೆ. ನಿಮ್ಮದು ಹಾಗಲ್ಲ. ತುಂಬಿದಾಗ ಸಮ, ಅರ್ಧಕ್ಕೆ ಬಂದಾಗ ಹಿಂದೆ. ಅಂದರೆ ಆ ಗುಂಪಿನ ಕೊಡವೇ ಚಿಕ್ಕದಾಗಿದೆ. ಬೇರೆಯವು ಒಂದು ಪಾಲು ಖಾಲಿಯಾಗುವಾಗ ಇದು ಎರಡು ಪಾಲು ಖಾಲಿಯಾಗ್ತಿದೆ, ಚಾರ್ಜ್ ಹಾಕಿದಾಗ ಅಷ್ಟೇ ಬೇಗ ತುಂಬ್ತಿದೆ. ಮೊದಲ ಅರ್ಧ ಎಲ್ಲ ಸರಿ ಇದ್ದು ಆಮೇಲೆ ಏರಿನಲ್ಲಿ ಸಾಯೋದು ಅದಕ್ಕೇ.

ನಾಲ್ಕು ಸೆಲ್‌ಗಳ ಗುಂಪಿನಲ್ಲಿ ಎರಡು ಕಳಚಿಕೊಂಡಿದ್ದರೆ ಹೀಗೇ ಆಗೋದು. ಉಳಿದ ಎರಡರ ಮೇಲೆ 26 ಆಂಪ್ ಬಿದ್ದರೆ ಒಂದೊಂದಕ್ಕೆ 13 ಆಂಪ್! ನಾಲ್ಕೂ ಚೆನ್ನಾಗಿದ್ದಾಗಲೇ ಸೆಲ್‌ಗೆ 6.5 ಆಂಪ್ ಬೀಳ್ತಿತ್ತು. 2.6 ಆಂಪ್-ಅವರ್‌ನ ಸಾಧಾರಣ ಸೆಲ್‌ಗೆ ಅದೇ ಜಾಸ್ತಿ, ನಿರಂತರ 5 ಆಂಪ್‌ನ ಆಸುಪಾಸಿನಲ್ಲೇ ಅವು ಬಳಲುತ್ತವೆ. ಇನ್ನು ಮೇಲೆ ಈ ಪ್ಯಾಕ್ ಓಡಿಸಬೇಡಿ, ಚಾರ್ಜ್‌ಗೂ ಹಾಕಬೇಡಿ. ಪೂರ್ತಿ ತುಂಬಿದ್ದನ್ನು ಬಿಚ್ಚೋದೂ ಬೇಡ, ಒಂದು ಬಲ್ಬ್ ಲೋಡ್ ಕೊಟ್ಟು ನಿಧಾನವಾಗಿ ಇಳಿಸಿ, ಆಮೇಲೆ ಬಿಚ್ಚಿ ನೋಡಿ.

ಗುಡ್ಡದಾರಿ:
ಬಿಚ್ಚಿದೆ. ನೀವು ಹೇಳಿದ್ದು ಅಕ್ಷರಶಃ ನಿಜ. ಒಂಬತ್ತನೇ ಗುಂಪಿನಲ್ಲಿ ನಿಕ್ಕಲ್ ಪಟ್ಟಿ ಎರಡನೇ ಸೆಲ್‌ನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ಪೂರ್ತಿ ತುಂಡಾಗಿದೆ. ಬೆರಳಲ್ಲಿ ಮುಟ್ಟಿದರೆ ಒಂದು ಕಡೆ ಮೇಲೇಳುತ್ತೆ. ಬಿರುಕಿನ ಅಂಚು ನೀಲಿಗಟ್ಟಿದೆ, ಅಲ್ಲಿನ ಶ್ರಿಂಕ್ ಪ್ಲಾಸ್ಟಿಕ್ ಸುಕ್ಕುಗಟ್ಟಿದೆ. ಸೆಲ್ ಹೋಲ್ಡರ್ ಹಾಕಿರಲಿಲ್ಲ, ಗ್ಲೂ ಗನ್ ಅಂಟಿನಲ್ಲೇ ಸೆಲ್‌ಗಳನ್ನು ಕೂಡಿಸಿದ್ದೆ. ಅಂಟು ಬಿಟ್ಟು ಸೆಲ್‌ಗಳು ಒಂದಕ್ಕೊಂದು ಅಲುಗಾಡ್ತಿದ್ದವು.

ಪಟ್ಟಿ ಮತ್ತೆ ವೆಲ್ಡ್ ಮಾಡಿದರೆ ಸಾಕಾ?

ತಾಮ್ರತಂತಿ:
ಬೇಡ. ಕಳಚಿಕೊಂಡಿದ್ದ ಎರಡು ಸೆಲ್‌ಗಳ ವೋಲ್ಟೇಜ್ ಒಂದು ಕಡೆ, ದುಡಿದ ಎರಡರದ್ದು ಇನ್ನೊಂದು ಕಡೆ ಇರುತ್ತೆ. ಹಾಗೇ ಕೂಡಿಸಿದರೆ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತೆ. ಅದನ್ನು ಸಮ ಮಾಡಿಕೊಂಡು ಕೂಡಿಸಬಹುದು ಅಂತಿಟ್ಟುಕೊಳ್ಳಿ, ಆದರೂ ಆ ಎರಡು ಸೆಲ್ ಎಷ್ಟು ದಿನದಿಂದ ಇಮ್ಮಡಿ ಭಾರ ಹೊತ್ತಿವೆ ಅಂತ ಯಾರೂ ಹೇಳೋಕಾಗಲ್ಲ. ಹೊಸ ಎರಡು ಸೆಲ್ ಹಾಕಿದರೆ ಹಳತು ಹೊಸತು ಒಂದೇ ಗುಂಪಿನಲ್ಲಿ ಸೇರಿ ಮತ್ತೊಂದು ತಲೆನೋವು. ಗಾಡಿಯ ಮೇಲೆ ನೀವು ಕೂತಿರ್ತೀರಿ, ಬ್ಯಾಟರಿ ನಿಮ್ಮ ಕಾಲುಗಳ ಮಧ್ಯೆ ಇರುತ್ತೆ. ಈ ಒಂದು ಜಾಗದಲ್ಲಿ ಉಳಿತಾಯ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ. ಕಟ್ಟೋದು ತಪ್ಪು ಅಂತ ಈ ಪ್ಯಾಕ್ ಸಾಬೀತು ಮಾಡಿಲ್ಲ. ಆದರೆ ಟಾರ್ ರಸ್ತೆಯ ಸೈಕಲ್‌ಗೂ ಕಲ್ಲು ಬೇರಿನ ದಾರಿಯ ಸೈಕಲ್‌ಗೂ ಒಂದೇ ಥರ ಕಟ್ಟೋಕಾಗಲ್ಲ. ರಸ್ತೆಯಲ್ಲಿ ಅಂಟಿನ ಪ್ಯಾಕ್ ವರ್ಷಗಟ್ಟಲೆ ಬಾಳಬಹುದು. ಟ್ರೈಲ್‌ನ ಕುಲುಕಾಟ ಮೊದಲು ಹಿಡಿಯೋದು ವೆಲ್ಡ್‌ಗಳನ್ನೇ.

ಎರಡನೆಯದು ಮೋಟರ್. ಒಂದು ಲೆಕ್ಕ ನೋಡಿ. ನೀವೂ ಸೈಕಲ್ಲೂ ಸೇರಿ 110 ಕಿಲೋ ಅನ್ಕೊಳ್ಳಿ. 12 ಶೇಕಡಾ ಏರನ್ನು ಗಂಟೆಗೆ 8 ಕಿಲೋಮೀಟರ್‌ನಲ್ಲಿ ಹತ್ತೋಕೆ ಬೇಕಾಗೋದು ಹತ್ತಿರ ಹತ್ತಿರ 290 ವಾಟ್, ಮಣ್ಣಿನ ಎಳೆತ ಬಿಟ್ಟು. 1000 ವಾಟ್ ಮೋಟರ್‌ಗೆ ಅದು ಏನೂ ಅಲ್ಲ ಅನಿಸುತ್ತೆ. ಆದರೆ ಆ ವೇಗದಲ್ಲಿ 26 ಇಂಚಿನ ಚಕ್ರ ನಿಮಿಷಕ್ಕೆ 65 ಸುತ್ತು ಕೂಡ ಹಾಕಲ್ಲ. ಗಂಟೆಗೆ 45 ಕಿಲೋಮೀಟರ್ ಓಡೋಕೆ ತಕ್ಕಂತೆ ತಂತಿ ಸುತ್ತಿದ ಹಬ್ ಮೋಟರ್ ಖಾಲಿ ತಿರುಗುವಾಗ ನಿಮಿಷಕ್ಕೆ 360 ಸುತ್ತು ಹಾಕುತ್ತೆ. ತನ್ನ ವೇಗದ ಐದರಲ್ಲಿ ಒಂದು ಪಾಲಿಗಿಂತ ಕೆಳಗೆ ಅದನ್ನು ದುಡಿಸ್ತಿದ್ದೀರಿ. ಬರೀ ಟಾರ್ಕ್‌ಗೋಸ್ಕರ ವೈಂಡಿಂಗ್‌ಗೆ ಕರೆಂಟ್ ಸುರೀಬೇಕು, ಕರೆಂಟ್ ಎರಡು ಪಟ್ಟಾದರೆ ತಾಮ್ರದ ಬಿಸಿ ನಾಲ್ಕು ಪಟ್ಟು. ಡೈರೆಕ್ಟ್ ಡ್ರೈವ್ ಹಬ್‌ಗೆ ಗಿಯರ್ ಇಲ್ಲ, ನಿಮ್ಮ ಹಿಂಚಕ್ರದ ಕ್ಯಾಸೆಟ್ (ಗಿಯರ್‌ನ ಹಲ್ಲುಚಕ್ರಗಳು) ಅದಕ್ಕೆ ಯಾವ ಸಹಾಯವನ್ನೂ ಮಾಡಲ್ಲ. ಪೆಡಲ್ ಅಚ್ಚಿನ ಬಳಿ ಕೂರುವ ಮಿಡ್-ಡ್ರೈವ್ ಆದರೆ ಚೈನ್ ಮೂಲಕ ಎಳೆಯುತ್ತೆ. ನೀವು ಸಣ್ಣ ಗಿಯರ್‌ಗೆ ಬಂದರೆ ಮೋಟರ್ ಕೂಡ ಆರಾಮವಾಗಿ ತನ್ನ ವೇಗದಲ್ಲೇ ತಿರುಗುತ್ತೆ. ರೆಡಿ ಮೌಂಟನ್ ಬೈಕ್‌ಗಳೆಲ್ಲ ಹೆಚ್ಚುಕಡಿಮೆ ಮಿಡ್-ಡ್ರೈವ್ ಆಗಿರೋದು ಇದೇ ಕಾರಣಕ್ಕೆ. ಅಲ್ಲಿ 250 ವಾಟ್ ಅಂತ ಬರೆದಿರುವ ಬಾಷ್ ಪರ್ಫಾರ್ಮೆನ್ಸ್ ಲೈನ್ ಸಿಎಕ್ಸ್ ಮೋಟರ್ 85 ನ್ಯೂಟನ್-ಮೀಟರ್ ಟಾರ್ಕ್ ಕೊಟ್ಟು ಗೋಡೆಯಂಥ ಏರು ಹತ್ತುತ್ತೆ.

ಹಾಂ, ಟಾರ್ಕ್ ಆರ್ಮ್ (ಆಕ್ಸಲ್ ತಿರುಗದಂತೆ ಹಿಡಿಯುವ ಲೋಹದ ತೋಳು) ಹಾಕಿದ್ದೀರಾ? ಅಲ್ಯೂಮಿನಿಯಂ ಸೈಕಲ್ ಅಂದಿರಿ, ಅದರ ಡ್ರಾಪೌಟ್ (ಆಕ್ಸಲ್ ಕೂರುವ ಕಚ್ಚು) ಕೂಡ ಅದೇ ಲೋಹದ್ದು ಇರಬೇಕು, ಅದಕ್ಕೇ ಕೇಳ್ತಿದ್ದೀನಿ.

ಗುಡ್ಡದಾರಿ:
ಇಲ್ಲ, ವಾಷರ್ ಮಾತ್ರ. ಈಗ ನೋಡಿದರೆ ಡ್ರಾಪೌಟ್‌ನ ಒಳಮೂಲೆಯಲ್ಲಿ ಆಕ್ಸಲ್ ಉಜ್ಜಿ ಹೊಳಪು ಬಂದಿದೆ.

ತಾಮ್ರತಂತಿ:
ಆಕ್ಸಲ್ ತಿರುಗೋಕೆ ಶುರುವಾಗಿದೆ. ಅದು ಪೂರ್ತಿ ಸುತ್ತಿದ ದಿನ ಡ್ರಾಪೌಟ್ ಹಿಗ್ಗಿ ಚಕ್ರ ಕಳಚುತ್ತೆ, ಮೋಟರ್ ತಂತಿಗಳು ಹರಿದು ಬರುತ್ತವೆ. ಆ ಚಕ್ರ ಈಗಲೇ ಇಳಿಸಿ.

ಎರಡುಚಕ್ರ:
ನಾನು ರೆಡಿ ಬೈಕ್‌ನವನು, ಮೊದಲು ಕಟ್ಟಿದ್ದನ್ನೂ ಓಡಿಸಿದ್ದೀನಿ. ನನಗೆ ಎದ್ದು ಕಂಡ ವ್ಯತ್ಯಾಸ ಮೋಟರ್‌ನ ಶಕ್ತಿಯದ್ದಲ್ಲ, ಸೆನ್ಸರ್‌ನದ್ದು. ಕಟ್ಟಿದ್ದರಲ್ಲಿ ಕೇಡೆನ್ಸ್ ಸೆನ್ಸರ್ ಇತ್ತು. ಪೆಡಲ್ ತಿರುಗ್ತಾ ಇದೆಯಾ ಅನ್ನೋದಷ್ಟೇ ಅದಕ್ಕೆ ಗೊತ್ತು, ಎಷ್ಟು ಬಲ ಹಾಕ್ತಿದ್ದೀವಿ ಅಂತ ಗೊತ್ತಾಗಲ್ಲ. ಕಲ್ಲಿನ ಮೆಟ್ಟಿಲ ಮುಂದೆ ಬ್ಯಾಲೆನ್ಸ್ ಮಾಡ್ತಾ ಕಾಲು ಅರ್ಧ ಸುತ್ತು ಹಾಕಿ ನಿಲ್ಲಿಸಿದರೂ ಮೋಟರ್ ಒಂದು ಕ್ಷಣ ತಳ್ತಾನೇ ಇರ್ತಿತ್ತು. ತಿರುವಿನಲ್ಲಿ ಹಾಗಾಗಿ ಎರಡು ಸಲ ಬಿದ್ದೆ. ರೆಡಿ ಬೈಕ್‌ನ ಟಾರ್ಕ್ ಸೆನ್ಸರ್ ಪಾದದ ಒತ್ತಡಕ್ಕೆ ತಕ್ಕಷ್ಟೇ ಕೊಡುತ್ತೆ, ಕಾಲು ಸಡಿಲಿಸಿದರೆ ಅದೂ ಸಡಿಲಿಸುತ್ತೆ.

ನೋವಿನ ಕಥೆಯೂ ಇದೆ. ವಾರಂಟಿ ಮುಗಿದ ಮೇಲೆ ಮೋಟರ್ ಒಳಗೆ ಬೇರಿಂಗ್ ಕರಕರ ಅನ್ನೋಕೆ ಶುರುವಾಯ್ತು. ಬೇರಿಂಗ್ ಸಣ್ಣದು, ಆದರೆ ಅಧಿಕೃತ ದಾರಿಯಲ್ಲಿ ಇಡೀ ಮೋಟರ್ ಬದಲಾಯಿಸೋದು ಬಿಟ್ಟು ಬೇರೆ ಆಯ್ಕೆಯೇ ಕೊಡಲಿಲ್ಲ. ಬ್ಯಾಟರಿಯೂ ಅವರದ್ದೇ ಆಗಬೇಕು, ಬೇರೆಯದು ಹಾಕಿದರೆ ಮೋಟರ್ ಗುರುತೇ ಹಿಡಿಯಲ್ಲ. ಗುಡ್ಡದಾರಿಯವರು 13 ಗುಂಪು ಅಳೆದು ರೋಗ ಹಿಡಿದರಲ್ಲ, ಅದನ್ನು ನನ್ನ ಬೈಕ್‌ನಲ್ಲಿ ಮಾಡೋಕಾಗಲ್ಲ ಅನ್ನೋ ಬೇಸರ ನನಗೆ ನಿಜವಾಗಿಯೂ ಇದೆ.

ಗುಡ್ಡದಾರಿ:
ಹಾಗಾದರೆ ನನಗೆ ಯಾವುದು? ನನ್ನ ದಾರಿ ಹೆಚ್ಚಾಗಿ ಕಾಡಿನ ಮಣ್ಣುರಸ್ತೆ, ಉದ್ದ ಏರು, ನಡುನಡುವೆ ಕಲ್ಲು. ದೊಡ್ಡ ಜಿಗಿತ ಏನೂ ಇಲ್ಲ.

ತಾಮ್ರತಂತಿ:
ಫುಲ್ ಸಸ್ಪೆನ್ಷನ್‌ನಲ್ಲಿ ಒರಟು ಇಳಿಜಾರು ಓಡಿಸ್ತೀನಿ ಅಂದಿದ್ದರೆ ಕಣ್ಣುಮುಚ್ಚಿ ರೆಡಿ ಬೈಕ್ ಅಂತಿದ್ದೆ. ಅಂಥ ಫ್ರೇಮ್‌ನ ತ್ರಿಕೋನದಲ್ಲಿ ಶಾಕ್ ಕೂತಿರುತ್ತೆ, ಬ್ಯಾಟರಿಗೆ ಜಾಗವೇ ಸಿಗಲ್ಲ. ಕ್ಯಾರಿಯರ್ ಮೇಲೆ ಕಟ್ಟಿದರೆ ಹಿಂಬದಿ ಭಾರವಾಗಿ ಓಟವೇ ಕೆಡುತ್ತೆ. ಎಷ್ಟೋ ಫ್ರೇಮ್‌ಗಳ ಬಾಟಮ್ ಬ್ರಾಕೆಟ್ (ಪೆಡಲ್ ಅಚ್ಚು ಕೂರುವ ಜಾಗ) ಪ್ರೆಸ್-ಫಿಟ್, ಅಂದರೆ ಥ್ರೆಡ್ ಇಲ್ಲದ್ದು, ಆಗಿರೋದರಿಂದ ಕಿಟ್ ಮೋಟರ್ ನೇರವಾಗಿ ಕೂರಲ್ಲ.

ನಿಮ್ಮದು ಹಾರ್ಡ್‌ಟೇಲ್, ತ್ರಿಕೋನ ಖಾಲಿ. ಬಾಟಮ್ ಬ್ರಾಕೆಟ್ ಥ್ರೆಡ್ ಇರುವ 68 ಅಥವಾ 73 ಮಿಲಿಮೀಟರ್ ಆಗಿದ್ದರೆ ಕಿಟ್ ಮಿಡ್-ಡ್ರೈವ್ ಕೂರುತ್ತೆ. ಬಫಾಂಗ್ ಬಿಬಿಎಸ್02 ಗಟ್ಟಿಮುಟ್ಟು, ಆದರೆ ಅದೂ ಕೇಡೆನ್ಸ್ ಸೆನ್ಸರ್‌ನದ್ದೇ. ಎರಡುಚಕ್ರ ಹೇಳಿದ ಟಾರ್ಕ್ ಸೆನ್ಸರ್ ಬೇಕು ಅಂದರೆ ಟಾಂಗ್‌ಶೆಂಗ್ ಟಿಎಸ್‌ಡಿಝಡ್2. ಅದರ ಒಳಗಿನ ನೀಲಿ ನೈಲಾನ್ ಗಿಯರ್ ಸವೆಯುತ್ತೆ, ಉದ್ದ ಏರಿನಲ್ಲಿ ಮೋಟರ್ ಬಿಸಿಯೂ ಆಗುತ್ತೆ. ಆದರೆ ಆ ಗಿಯರ್ ಬಿಡಿಯಾಗಿ ಸಿಗುತ್ತೆ, ನೀವೇ ಬಿಚ್ಚಿ ಹಾಕಬಹುದು. ನಿಮ್ಮ ಕೈ ನೋಡಿದರೆ ಅದು ನಿಮಗೆ ಒಪ್ಪುತ್ತೆ.

ಪ್ಯಾಕ್ ಮಾತ್ರ ಈ ಸಲ ನೀವೇ ಕಟ್ಟದೆ ರೆಡಿ ಇರೋದನ್ನೇ ಕೊಳ್ಳಿ. ಸೆಲ್ ಯಾವ ಕಂಪನಿ, ಯಾವ ಮಾಡೆಲ್ ಅಂತ ಬರೆದುಕೊಟ್ಟವರಿಂದ, ಹೋಲ್ಡರ್ ಹಾಕಿ ಗಟ್ಟಿ ಪೆಟ್ಟಿಗೆಯಲ್ಲಿ ಕೂರಿಸಿದ್ದನ್ನು. ಸ್ಯಾಮ್‌ಸಂಗ್ 35ಇ ಅಥವಾ ಎಲ್‌ಜಿ ಎಂಜೆ1 ಥರದ 3.5 ಆಂಪ್-ಅವರ್ ಸೆಲ್ ಆದರೆ ಅದೇ 52 ಸೆಲ್‌ಗೆ 14 ಆಂಪ್-ಅವರ್, ಅಂದರೆ 650 ವಾಟ್-ಅವರ್‌ಗೂ ಮೇಲೆ. ಬ್ರೇಕ್ ರೋಟರ್, ಅಂದರೆ ಡಿಸ್ಕ್, ಎಷ್ಟಿದೆ? 160 ಮಿಲಿಮೀಟರ್ ಇದ್ದರೆ ಮುಂದಿನದನ್ನಾದರೂ ಫ್ರೇಮ್, ಫೋರ್ಕ್ ಒಪ್ಪುವಷ್ಟು ದೊಡ್ಡದು ಮಾಡಿ. ಇಳಿಯುವಾಗ ಮೋಟರ್, ಬ್ಯಾಟರಿ ಭಾರವೂ ನಿಮ್ಮ ಜೊತೆ ಇಳಿಯುತ್ತೆ.

ಗುಡ್ಡದಾರಿ:
ಏಳು ವಾರ ಆಯ್ತು, ಬರೆಯೋದು ತಡವಾಯ್ತು. ಬಾಟಮ್ ಬ್ರಾಕೆಟ್ 73 ಇತ್ತು. ಟಿಎಸ್‌ಡಿಝಡ್2, 35ಇ ಸೆಲ್‌ಗಳ ಪ್ಯಾಕ್, ಮುಂದೆ 180ರ ರೋಟರ್. ಅದೇ ಏರು, ಅದೇ ಅರ್ಧ ಚಾರ್ಜ್, ಅದೇ ವೋಲ್ಟ್‌ಮೀಟರ್. ನಿಂತಾಗ 49.4, ಏರಿನ ಅತಿ ಕಡಿದಾದ ಜಾಗದಲ್ಲಿ 47.3. ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ಮೇಲೆ ನಿಂತು ಮೋಟರ್ ಮುಟ್ಟಿ ನೋಡಿದೆ, ಬೆಚ್ಚಗಿತ್ತು, ಕೈ ಇಡಬಹುದಿತ್ತು. ಗಿಯರ್ ಬದಲಾಯಿಸುವಾಗ ಪೆಡಲ್ ಮೇಲಿನ ಒತ್ತಡ ಸಡಿಲಿಸದಿದ್ದರೆ ಚೈನ್ ಟಕ್ ಅಂತ ಬಡಿಯುತ್ತೆ, ಅದೊಂದು ಅಭ್ಯಾಸ ಮಾಡ್ಕೊಳ್ತಿದ್ದೀನಿ.

ಹಳೇ ಪ್ಯಾಕ್ ಇನ್ನೂ ಮನೆಯಲ್ಲೇ ಇದೆ. ಏನು ಮಾಡಲಿ?

ತಾಮ್ರತಂತಿ:
ತುಂಬ ಖುಷಿಯಾಯ್ತು. ಹಳೇ ಪ್ಯಾಕ್ ಮನೆಯೊಳಗೆ ಇಡಬೇಡಿ. ಬಿಚ್ಚಿರುವ ಎಲ್ಲ ತುದಿಗಳಿಗೂ, ನಿಕ್ಕಲ್ ಪಟ್ಟಿಗಳಿಗೂ ಟೇಪ್ ಸುತ್ತಿ, ಲೋಹದ ಡಬ್ಬದಲ್ಲಿ ಒಣ ಮರಳು ಹಾಕಿ ಅದರೊಳಗೆ ಇಡಿ. ಹತ್ತಿರ ಉರಿಯುವ ವಸ್ತು ಇರದ, ಮಳೆ ಬೀಳದ ಹೊರಗಿನ ಜಾಗ ಆಗಬೇಕು. ಲಿಥಿಯಂ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯದವರಿಗೆ ಆದಷ್ಟು ಬೇಗ ಕೊಟ್ಟುಬಿಡಿ. ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ, ಅದನ್ನು ಒತ್ತುವ ಲಾರಿಯಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು.