ಸಹಾಯ ಬೇಕು: ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ ಹೊಸದಾಗಿ ಹಾಕಲೇಬೇಕಾ?

ಎಲ್ಲರಿಗೂ ನಮಸ್ಕಾರ. ನಿನ್ನೆ ನನ್ನ ಕಂಪ್ಯೂಟರ್‌ಗೆ ಹೊಸ ಮದರ್‌ಬೋರ್ಡ್, ಪ್ರೊಸೆಸರ್, 16 ಜಿಬಿ ರ‍್ಯಾಮ್ ಹಾಕಿದೆ. ಎಸ್‌ಎಸ್‌ಡಿ (ವಿಂಡೋಸ್ ಇರುವ ಡಿಸ್ಕ್) ಮಾತ್ರ ಹಳೆಯದೇ. ಆನ್ ಮಾಡಿದರೆ ಸೀದಾ ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ಸ್ ಪರದೆಗೆ) ಹೋಗಿ ನಿಲ್ಲುತ್ತದೆ. ಡಿಸ್ಕ್ ಅಲ್ಲಿ ಕಾಣಿಸುತ್ತದೆ, ಬೂಟ್ ಪಟ್ಟಿಯಲ್ಲಿ (ಕಂಪ್ಯೂಟರ್ ಯಾವುದರಿಂದ ಶುರುವಾಗಬೇಕು ಅನ್ನೋ ಪಟ್ಟಿ) ಮಾತ್ರ ಇಲ್ಲ.

ಹಳೇ ಬೋರ್ಡಿನಲ್ಲಿ ವಿಂಡೋಸ್ 10 ಅನ್ನು ಲೆಗಸಿ ಮೋಡ್‌ನಲ್ಲಿ (ಬೂಟ್ ಆಗುವ ಹಳೇ ವಿಧಾನ) ಹಾಕಿದ್ದೆ, ಡಿಸ್ಕ್ ಎಂಬಿಆರ್ (ಹಳೇ ಪಾರ್ಟಿಶನ್ ಮಾದರಿ). ಹೊಸ ಬೋರ್ಡ್ ಯುಇಎಫ್‌ಐ (ಹೊಸ ಬೂಟ್ ವಿಧಾನ) ಮಾತ್ರ ಒಪ್ಪುತ್ತದೆ. ಗಲಾಟೆ ಇಲ್ಲೇ ಅಂತ ನನ್ನ ಅನುಮಾನ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಎಂಬಿಆರ್‌ಟುಜಿಪಿಟಿ (ಎಂಬಿಆರ್ ಡಿಸ್ಕನ್ನು ಹೊಸ ಜಿಪಿಟಿ ಮಾದರಿಗೆ ಬದಲಿಸುವ ವಿಂಡೋಸ್ ಟೂಲ್) ಓಡಿಸಿದರೆ ಸಾಕಾ? ಇಲ್ಲ, ಎಲ್ಲ ಅಳಿಸಿ ಹೊಸದಾಗಿ ಹಾಕುವುದೇ ವಾಸಿಯಾ? ಹಳೇ ಡ್ರೈವರ್‌ಗಳ ಕಸ ಸುಮ್ನೆ ಉಳಿಯುತ್ತದೆ ಅಲ್ವಾ? ಬ್ಯಾಕಪ್ ಆಗಿದೆ, ಆ ಭಯವಿಲ್ಲ.

ಜಾಸ್ತಿ ಚಿಂತೆ ಆಕ್ಟಿವೇಶನ್‌ದು. ರೀಟೇಲ್ ಲೈಸೆನ್ಸ್ (ಕಂಪ್ಯೂಟರ್ ಜೊತೆ ಬಂದದ್ದಲ್ಲ, ಬೇರೆಯಾಗಿ ಕೊಂಡದ್ದು), ಬೋರ್ಡ್ ಬಿಚ್ಚುವ ಮೊದಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಜೋಡಿಸಿದ್ದೆ (ಅಷ್ಟಾದರೂ ಬುದ್ಧಿ ಓಡಿತು). ವಿಂಡೋಸ್‌ನ ಆಕ್ಟಿವೇಶನ್ ಟ್ರಬಲ್‌ಶೂಟರ್‌ನಲ್ಲೇ ಸರಿಹೋಗುತ್ತದಾ? ಮಾಡಿ ನೋಡಿದವರು ಹೇಳಿ.