ಜೀವರಾಶಿಯ ವಿಘಟನೆಯೋ, ಹುಲ್ಲು ಅರಗಿಸುವುದೋ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಪದ ಕೇಳೋಣ ಅಂತ ಕೂತವನು ನಾನು. ಬರೆಯುತ್ತ ಬರೆಯುತ್ತ ಅದು ನಾಲ್ಕೈದಾಗಿದೆ, ಬೈಯಬೇಡಿ.

ಭತ್ತದ ಹುಲ್ಲು, ಅಡಿಕೆ ಸಿಪ್ಪೆ, ತೋಟದ ದರಗು ಇವನ್ನೆಲ್ಲ ಅಣಬೆ, ಬೂಷ್ಟು ಹೇಗೆ ಕರಗಿಸುತ್ತವೆ ಅಂತ ರೈತರಿಗಾಗಿ ಒಂದು ಲೇಖನ ಬರೆದುಕೊಟ್ಟಿದ್ದೆ. ಅಚ್ಚಾಗಿ ಬಂದಾಗ ನಾನಿಟ್ಟ ತಲೆಬರಹ ಹೋಗಿ ‘ಸಸ್ಯ ಜೀವರಾಶಿಯನ್ನು ವಿಘಟಿಸುವ ಶಿಲೀಂಧ್ರ ಕಿಣ್ವಗಳು’ ಅಂತ ಆಗಿತ್ತು. ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಆಮೇಲೆ, "ಏನೋ ಇದು, ಜೀವರಾಶೀನ ಕೊಲ್ಲೋ ಔಷಧಿಯಾ?" ಅಂದರು.

ಅವರ ತಪ್ಪೇನಿಲ್ಲ. 84 ಲಕ್ಷ ಜೀವರಾಶಿ ಅಂತ ಕೇಳಿ ಬೆಳೆದವರಿಗೆ ಆ ಮಾತು ಕೇಳಿದರೆ ಇರುವೆ, ಆನೆ, ಮನುಷ್ಯ ಎಲ್ಲ ಕಣ್ಣಿಗೆ ಬರುತ್ತವೆ. ಬಣವೆಯಲ್ಲಿರುವ ಒಣಹುಲ್ಲು ಬರುವುದಿಲ್ಲ. ಬಯೋಮಾಸ್ (ಹುಲ್ಲು, ಸೊಪ್ಪು, ಕಟ್ಟಿಗೆಯಂಥ ಜೀವಿಗಳಿಂದ ಬಂದ ವಸ್ತು) ಅನ್ನುವುದಕ್ಕೆ ‘ಜೀವರಾಶಿ’ ಅಂತ ಯಾರೋ ಭಾಗ ಭಾಗ ಮಾಡಿ ಅನುವಾದ ಮಾಡಿಟ್ಟಿದ್ದಾರೆ. ಜೀವಕ್ಕೆ ಜೀವ ಸರಿ, ರಾಶಿಗೆ ರಾಶಿ ಸರಿ, ಎರಡೂ ಸೇರಿದಾಗ ಮಾತ್ರ ಬೇರೆಯದೇ ಅರ್ಥ ಮೊದಲಿನಿಂದ ಅಲ್ಲಿ ಕೂತಿದೆ. ನಾನಂತೂ ಹುಲ್ಲು-ಸೊಪ್ಪು-ಸಿಪ್ಪೆ ಅಂತಲೇ ಬರೆಯುವುದು. ಒಂದೇ ಪದ ಬೇಕೇ ಬೇಕು ಅನ್ನುವವರಿಗೆ ಏನು ಹೇಳುವುದು? ಇದು ಮೊದಲ ಪ್ರಶ್ನೆ.

ಕಿಣ್ವ ಅಂದರೆ ಜೀವಿಗಳು ತಯಾರಿಸುವ, ರಾಸಾಯನಿಕ ಕೆಲಸವನ್ನು ಚುರುಕುಗೊಳಿಸುವ ಪ್ರೋಟೀನು, ಇಂಗ್ಲಿಷಿನ ಎನ್‌ಜೈಮ್. ಅದರ ಬಗ್ಗೆ ನನ್ನ ತಕರಾರಿಲ್ಲ, ಅದು ಒಳ್ಳೆಯ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆ ಮಾಡುವ ಭಾಗದಲ್ಲಿ ಕಿಣ್ವ ಬರುತ್ತದೆ. ಉದ್ದು, ಅಕ್ಕಿ, ಜೊತೆಗೆ ಒಂದಿಷ್ಟು ಗಿಡಮೂಲಿಕೆ ಹಾಕಿ ಮಾಡಿದ ಹುದುಗು ಅದು. (ಉದ್ದು ಮತ್ತು ಅಕ್ಕಿ! ನಮ್ಮ ಇಡ್ಲಿ ಹಿಟ್ಟಿನ ದೊಡ್ಡಮ್ಮ ಇದ್ದ ಹಾಗಿದೆ.) 1870ರ ದಶಕದಲ್ಲಿ ಜರ್ಮನಿಯ ವಿಜ್ಞಾನಿ ಕ್ಯೂನೆ ‘ಎನ್‌ಜೈಮ್’ ಅನ್ನುವ ಹೆಸರು ಕಟ್ಟಿದ್ದೂ ಗ್ರೀಕಿನಲ್ಲಿ ‘ಹುದುಗಿನೊಳಗೆ ಇರುವುದು’ ಅನ್ನುವ ಅರ್ಥದಲ್ಲೇ. ಹಾಗಾಗಿ ಇಲ್ಲಿ ಅನುವಾದ ಮಾಡಿದವರು ಯಾರೇ ಆಗಲಿ, ಅವರಿಗೆ ಕೈಮುಗಿಯಬೇಕು.

ನನ್ನ ನಿಜವಾದ ಜಗಳ ‘ವಿಘಟಿಸು’ ಜೊತೆ. ಅದನ್ನು ಕಂಡರೆ ಒಂದು ಸಂಘ ಒಡೆದು ಎರಡಾದ ಹಾಗೆ ಕೇಳುತ್ತದೆ ಅನ್ನುವುದು ಬೇರೆ ಮಾತು. ಕಷ್ಟ ಏನೆಂದರೆ ಇಲ್ಲಿ ನಡೆಯುವ ಕೆಲಸಗಳು ನಾಲ್ಕಾರು, ಎಲ್ಲಕ್ಕೂ ಇದೊಂದೇ ಕ್ರಿಯಾಪದ ಹೊದಿಸಿಬಿಡುತ್ತೇವೆ.

ಟ್ರೈಕೋಡರ್ಮಾ ಗೊತ್ತಲ್ವಾ? ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಜೊತೆ ಕಲಸಿ, ಒದ್ದೆ ಗೋಣಿ ಮುಚ್ಚಿಟ್ಟು, ಹಸಿರು ಬೂಷ್ಟು ಬಂದ ಮೇಲೆ ಮೆಣಸಿನ ಬಳ್ಳಿಗೂ ಶುಂಠಿಗೂ ಹಾಕುತ್ತೇವಲ್ಲ, ಅದು. ಅದರ ದಾಯಾದಿ ಟ್ರೈಕೋಡರ್ಮಾ ರೀಸೈ. ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್‌ನ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕದ ಸೈನ್ಯದ ಹತ್ತಿ ಬಟ್ಟೆಯ ಡೇರೆಗಳು ಕೊಳೆತು ಬೀಳುತ್ತಿದ್ದವು. ಆ ಬಟ್ಟೆಯಿಂದ ಸಿಕ್ಕಿದ ಬೂಷ್ಟು ಇದು. ಸೈನ್ಯದ ಪ್ರಯೋಗಾಲಯದಲ್ಲಿ ಇದರ ಮೇಲೆ ಕೆಲಸ ಮಾಡಿದ ಎಲ್ವಿನ್ ರೀಸ್ ಹೆಸರನ್ನೇ ಆಮೇಲೆ ಇದಕ್ಕಿಟ್ಟರು. ಹತ್ತಿ ಅಂದರೆ ಹೆಚ್ಚುಕಮ್ಮಿ ಬರೀ ಸೆಲ್ಯುಲೋಸ್, ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದುದ್ದ ಸರ. ಸರದ ಪಕ್ಕ ಸರ ಒತ್ತಾಗಿ ಕೂತು ಗಟ್ಟಿ ಹುರಿಯಾಗಿರುತ್ತದೆ. ನೀರು ಕೂಡ ಒಳಗೆ ನುಗ್ಗಲ್ಲ.

ಈ ಬೂಷ್ಟು ಹೊರಗೆ ಬಿಡುವ ಪ್ರೋಟೀನಿನಲ್ಲಿ ಅರ್ಧದಷ್ಟು ಒಂದೇ ಕಿಣ್ವ, ಹೆಸರು ಸೆಲ್‌7ಎ. ಅದರ ಆಕಾರವನ್ನು ಸ್ವೀಡನ್ನಿನವರು 1994ರಲ್ಲಿ ಬಿಡಿಸಿ ತೋರಿಸಿದರು. ಮಧ್ಯೆ ಒಂದು ಸುರಂಗ. ಉದ್ದ ಸುಮಾರು 5 ನ್ಯಾನೋಮೀಟರ್, ಒಳಗೆ ಒಟ್ಟಿಗೆ 10 ಗ್ಲೂಕೋಸ್ ಮಣಿ ಹಿಡಿಸುವಷ್ಟು ಜಾಗ. ಸರದ ಒಂದು ತುದಿ ಒಳಗೆ ಹೋಗುತ್ತದೆ, ಆಚೆ ಕಡೆ ಎರಡೆರಡು ಮಣಿಗಳ ತುಂಡಾಗಿ ಬೀಳುತ್ತದೆ. ಎರಡೇ ಯಾಕೆ ಅಂದರೆ ಸರದಲ್ಲಿ ಒಂದು ಮಣಿ ಮೇಲ್ಮುಖ, ಮುಂದಿನದು ಕೆಳಮುಖ, ಹೀಗೆ ಪೋಣಿಸಿದೆ. ಎರಡು ಮಣಿ ಮುಂದೆ ಸರಿದರೆ ಮಾತ್ರ ಮತ್ತೆ ಅದೇ ಮುಖ ಕತ್ತಿಗೆ ಸಿಗುತ್ತದೆ.

ಇದನ್ನು ದೊಡ್ಡಪ್ಪನಿಗೆ ಹೇಳಿದಾಗ ಅವರು ಕೊಟ್ಟಿಗೆ ಕಡೆ ಕೈ ತೋರಿಸಿದರು. ಅಲ್ಲಿ ಮೇವು ಕತ್ತರಿಸುವ ಯಂತ್ರ ಇದೆ. ಜೋಳದ ದಂಟಿನ ತುದಿಯನ್ನು ಬಾಯಿಗೆ ಕೊಟ್ಟರೆ ಸಾಕು, ಆಮೇಲೆ ಅದೇ ಎಳೆದುಕೊಳ್ಳುತ್ತ, ಕತ್ತರಿಸುತ್ತ ಹೋಗುತ್ತದೆ, ನಡುವೆ ದಂಟನ್ನು ಕೈಬಿಡುವುದಿಲ್ಲ. ಸೆಲ್‌7ಎ ಮಾಡುವುದು ಥೇಟ್ ಇದನ್ನೇ. ಇಂಗ್ಲಿಷಿನಲ್ಲಿ ಈ ಗುಣಕ್ಕೆ ‘ಪ್ರೊಸೆಸಿವ್’ ಅನ್ನುತ್ತಾರೆ. ಕನ್ನಡಕ್ಕೆ ಏನು? ‘ಸತತಕಾರಿ’ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಜ್ವರದ ಹೆಸರಿನ ಹಾಗೆ ಕಾಣುತ್ತದೆ. ‘ಪಟ್ಟುಬಿಡದ ಕಿಣ್ವ’ ಅಂದರೆ ಹೇಗೆ? ಇದು ಎರಡನೇ ಪ್ರಶ್ನೆ, ನನಗೆ ಬಹಳ ಮುಖ್ಯವಾದದ್ದೂ ಇದೇ.

ಅದೇ ಮನೆತನದಲ್ಲಿ ಸೆಲ್‌7ಬಿ ಅಂತ ಇನ್ನೊಂದಿದೆ. ಹೆಚ್ಚುಕಮ್ಮಿ ಅದೇ ಮೈಕಟ್ಟು. ಆದರೆ ಸುರಂಗಕ್ಕೆ ಚಾವಣಿಯಾಗಿದ್ದ ಕುಣಿಕೆಗಳು ಇದರಲ್ಲಿ ಮೋಟು. ಚಾವಣಿ ಹೋದರೆ ಸುರಂಗ ಬರೀ ಕಾಲುವೆ ಆಯಿತು ನೋಡಿ. ಈಗ ಸರದ ತುದಿಗೆ ಕಾಯಬೇಕಿಲ್ಲ, ನಡುವೆ ಎಲ್ಲಿ ಸಡಿಲ ಸಿಕ್ಕಿತೋ ಅಲ್ಲಿ ಕೂತು ಒಂದು ಏಟು ಹಾಕಿ ಎದ್ದುಹೋಗಬಹುದು. ಅಂದರೆ ಇದು ಯಂತ್ರ ಅಲ್ಲ, ಮಚ್ಚು. ಮಚ್ಚಿನ ಪ್ರತಿ ಏಟಿಗೂ ಹೊಸ ತುದಿಗಳು ಹುಟ್ಟುತ್ತವೆ, ಯಂತ್ರಕ್ಕೆ ಕೆಲಸ ಜಾಸ್ತಿಯಾಗುತ್ತದೆ. ಕೊನೆಗೆ ಎರಡು ಮಣಿಯ ತುಂಡನ್ನು ಒಂದೊಂದಾಗಿ ಬಿಡಿಸುವ ಕಿಣ್ವ ಬೇರೆಯದೇ ಇದೆ. ನಾನು ಇವಕ್ಕೆ ತುದಿಗತ್ತರಿ, ನಡುಗತ್ತರಿ, ಜೋಡಿಬಿಡಿಸು ಅಂತ ಬರೆದಿದ್ದೆ. ಸಂಪಾದಕರು ‘ಮಕ್ಕಳ ಭಾಷೆ’ ಅಂತ ಹೊಡೆದುಹಾಕಿ ‘ಬಹಿರ್’, ‘ಅಂತರ್’ ಅಂತ ತಿದ್ದಿದ್ದರು. ಅಂತರ್ ಅಂದರೆ ಯಾವುದರ ಒಳಗೆ ಅಂತ ಓದುವವನಿಗೆ ಹೇಗೆ ತಿಳಿಯಬೇಕು?

ಒಂದು ಸಣ್ಣ ವಿಷಯ, ಬಿಡಲು ಮನಸ್ಸಿಲ್ಲ. ಸೆಲ್‌7ಎಗೆ ಒಂದು ಪುಟ್ಟ ಬಾಲವೂ ಇದೆ, ಬರೀ 36 ಅಮೈನೊ ಆಮ್ಲದ್ದು (ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು ಅವು). ಅದರ ಒಂದು ಮುಖ ಚಪ್ಪಟೆ, ಅಲ್ಲಿ ಟೈರೊಸಿನ್ ಅನ್ನುವ ಅಮೈನೊ ಆಮ್ಲ ಮೂರು ಸಾಲಾಗಿ ಕೂತು ಸೆಲ್ಯುಲೋಸ್ ಮೇಲೆ ಅಂಟಿಕೊಳ್ಳುತ್ತದೆ. ಕತ್ತರಿಸುವುದಿಲ್ಲ, ಕಚ್ಚಿಕೊಂಡಿರುವುದಷ್ಟೇ ಅದರ ಕೆಲಸ. ಇದನ್ನೂ ಮೈಯನ್ನೂ ಸೇರಿಸುವ ಬಳುಕುವ ಭಾಗಕ್ಕೆ ‘ಕೊಂಡಿ’ ಅಂದಿದ್ದೇನೆ. ಬಾಲಕ್ಕೆ ‘ಬಂಧಕ ಘಟಕ’ ಅನ್ನುವ ಬದಲು ‘ಕಚ್ಚು’ ಅನ್ನಬಹುದಾ?

ಇವಲ್ಲದೆ ತಾಮ್ರ ಇಟ್ಟುಕೊಂಡು ಕೆಲಸ ಮಾಡುವ ಕಿಣ್ವಗಳ ಇನ್ನೊಂದು ಗುಂಪು ಇದೆ, ಉದ್ದನೆಯ ಇಂಗ್ಲಿಷ್ ಹೆಸರಿನ ಮೊಟಕು ರೂಪ ಎಲ್‌ಪಿಎಂಒ. ಇಂಥವು ಹೇಗೆ ಕೆಲಸ ಮಾಡುತ್ತವೆ ಅಂತ ಗೊತ್ತಾಗಿದ್ದು 2010ರ ಹೊತ್ತಿಗೆ. ಅದೂ ಮೊದಲು ಕೈಟಿನ್ (ಕೀಟ, ಏಡಿಗಳ ಚಿಪ್ಪಿನಲ್ಲಿರುವ ಗಟ್ಟಿ ವಸ್ತು) ಮೇಲೆ. ಸರ ಬಿಡಿಯಾಗಿ ಸಿಗಲಿ ಅಂತ ಇವು ಕಾಯುವುದಿಲ್ಲ, ಗಟ್ಟಿ ಹುರಿಯ ಮೇಲೆಯೇ ಗೀರು ಹಾಕುತ್ತವೆ. ಇಲ್ಲಿ ‘ಗೀರು’ ಸರಿಯಾಗಿ ಕೂರುತ್ತದೆ ಅಂತ ನನಗೆ ಅನುಮಾನವೇ ಇಲ್ಲ.

ಹಾಗಾದರೆ ಇಡೀ ಕೆಲಸಕ್ಕೆ ಒಟ್ಟಾಗಿ ಏನನ್ನಬೇಕು? ನಾನು ‘ಅರಗಿಸು’ ಪರ. ನಾವು ಒಳಗೆ ಹಾಕಿಕೊಂಡು ಅರಗಿಸುತ್ತೇವೆ. ಅಣಬೆಗೆ ಹೊಟ್ಟೆ ಇಲ್ಲ, ಅದು ಕಿಣ್ವವನ್ನು ಹೊರಗೆ ಉಗುಳಿ, ಹೊರಗೇ ಅರಗಿಸಿ, ಕರಗಿದ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಕ್ರಮ ತಿರುಗುಮುರುಗು, ಕೆಲಸ ಅದೇ.

ಇಲ್ಲೊಂದು ಮಜಾ ಇದೆ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅನ್ನುವ ವಸ್ತುವಿನ ಮೇಲೆ ಕೈಹಾಕುವ ಅಣಬೆಗಳ ಹತ್ತಿರ ಲ್ಯಾಕೇಸ್ ಅನ್ನುವ ಕಿಣ್ವ ಇರುತ್ತದೆ. ಅದನ್ನು ಮೊದಲು ಕಂಡಿದ್ದು ಅಣಬೆಯಲ್ಲಲ್ಲ. 1883ರಲ್ಲಿ ಜಪಾನಿನ ಯೋಶಿದಾ, ಅಲ್ಲಿನ ಮೆರುಗೆಣ್ಣೆ ಮರದ ಹಾಲಿನಲ್ಲಿ ಕಂಡರು. ಹೆಸರಿನೊಳಗೆ ‘ಲ್ಯಾಕ್’ ಇದೆ, ಅದರ ಬೇರು ನಮ್ಮ ಲಾಕ್ಷಾ, ಲಾಖ್, ಅಂದರೆ ಅರಗು! ಚನ್ನಪಟ್ಟಣದ ಗೊಂಬೆಗೆ ಬಳಿಯುವ ಅರಗು, ಪಾಂಡವರ ಅರಗಿನ ಮನೆಯ ಅರಗು. (ಆ ಅರಗು ಕೀಟದ್ದು, ಜಪಾನಿನದು ಮರದ್ದು. ವಸ್ತು ಬೇರೆ, ಹೆಸರು ಮಾತ್ರ ದಾಟಿಕೊಂಡು ಹೋಗಿದೆ.) ಆ ಮರದ ಹಾಲನ್ನು ಗಟ್ಟಿ ಮಾಡುವುದು ಲ್ಯಾಕೇಸ್, ಅಣಬೆಯ ಕೈಯಲ್ಲಿ ಲಿಗ್ನಿನ್ನನ್ನು ಸಡಿಲಿಸುವುದಕ್ಕೂ ಲ್ಯಾಕೇಸ್ ಬೇಕು. ಗಟ್ಟಿಯಾಗಿ ಕೂರುವ ಅರಗು, ಕರಗಿ ಇಲ್ಲವಾಗುವ ಅರಗು, ಎರಡಕ್ಕೂ ಕನ್ನಡದಲ್ಲಿ ಒಂದೇ ಪದ. ಇವೆರಡೂ ಹುಟ್ಟಿನಿಂದಲೇ ಒಂದೋ, ಸುಮ್ನೆ ಒಂದೇ ಥರ ಕೇಳುತ್ತವೋ, ನಿರುಕ್ತ ಬಲ್ಲವರು ಹೇಳಬೇಕು.

ಕೊನೆಯದು. ನಮ್ಮ ಕಡೆ ಕೊಳೆತು ಟೊಳ್ಳಾದ ಮರಕ್ಕೆ ‘ಲಡ್ಡಾಗಿದೆ’ ಅನ್ನುತ್ತೇವೆ. ಆದರೆ ಲಡ್ಡಾಗುವುದರಲ್ಲೂ ಎರಡು ಬಗೆ. ಲಿಗ್ನಿನ್ ಹೋದರೆ ಮರ ಬೆಳ್ಳಗಾಗಿ, ಮೆತ್ತಗಾಗಿ, ನಾರುನಾರಾಗಿ ಕೀಳುತ್ತದೆ. ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿದರೆ ಕಂದು ಬಣ್ಣಕ್ಕೆ ತಿರುಗಿ, ಚೌಕಚೌಕವಾಗಿ ಬಿರುಕುಬಿಟ್ಟು, ಮುಟ್ಟಿದರೆ ಪುಡಿ. ಮರಗೆಲಸದವರು, ಸೌದೆ ಒಡೆಯುವವರು ಇವೆರಡಕ್ಕೂ ಬೇರೆ ಬೇರೆ ಹೆಸರಿಟ್ಟಿರಬೇಕಲ್ಲ? ನಿಮ್ಮ ಊರಿನ ಪದ ಇದ್ದರೆ ತಾಲ್ಲೂಕಿನ ಹೆಸರಿನ ಜೊತೆ ಬರೆಯಿರಿ.